ಬಾಣಂತಿ ಕೋಣೆಗೆ ಬಂದ ಮಿಲ್ಲಿಂಗ್ ಮಷೀನು

ನನ್ನ ಮನೆಯ ಹಿಂಬದಿಯ ಕೋಣೆಯಲ್ಲಿ ಹಸಿರು ಬಣ್ಣದ ಹಳೆಯ ಮಿಲ್ಲಿಂಗ್ ಮಷೀನೊಂದಿದೆ. ಬಿಡುವಾದಾಗ ಅದರ ಮುಂದೆ ನಿಂತು ಪುಟ್ಟ ಇಂಜಿನ್ನುಗಳ ಭಾಗಗಳನ್ನು ಕೊರೆಯುವುದು ನನ್ನ ಹವ್ಯಾಸ. ಹೆಂಗಸಿಗೆ ಇದೆಂಥ ಹುಚ್ಚು ಎಂದು ಬಂದವರು ಆಶ್ಚರ್ಯಪಡುತ್ತಾರೆ. ಅಪ್ಪನಿಂದ ಬಂದಿರಬೇಕು ಎಂದು ಆಮೇಲೆ ತಾವೇ ಸಮಾಧಾನ ಮಾಡಿಕೊಳ್ಳುತ್ತಾರೆ. ಹುಚ್ಚು ಅಪ್ಪನದೇ, ಸರಿ. ಆದರೆ ಮಷೀನು ಆರಿಸಿದ್ದು ಬೂದಿಗೆರೆಗೆ ಮದುವೆಯಾಗಿ ಹೋಗಿದ್ದ ನನ್ನ ಸೋದರತ್ತೆ. ಈಚೆಗೆ, ಇದಕ್ಕೂ ವಯಸ್ಸಾಯಿತಲ್ಲ, ಹೊಸದೊಂದು ತರೋಣ ಅಂತ ಅಂಗಡಿಗೆ ಹೋಗಿದ್ದೆ. ಅಲ್ಲಿದ್ದವರು ಅಳತೆಯನ್ನು ಪರದೆಯ ಮೇಲೆ ತೋರಿಸುವ ಹೊಸ ಮಾದರಿಗಳನ್ನೆಲ್ಲ ಮುಂದಿಟ್ಟು, ಮೋಟಾರಿನ ಶಕ್ತಿಯನ್ನು ಹೊಗಳಿ, ಕೊನೆಗೆ ಕೇಳಿದರು:

“ಎಲ್ಲಿ ಇಡ್ತೀರಾ ಮೇಡಂ? ಬಾಗಿಲು ಎಷ್ಟಗಲ ಇದೆ?”

ನನಗೆ ನಗು ಬಂತು. ಏನೂ ಕೊಳ್ಳದೆ ವಾಪಸು ಬಂದೆ. ನಾನು ಚಿಕ್ಕವಳಾಗಿದ್ದಾಗ ಇದೇ ಪ್ರಶ್ನೆ ನಮ್ಮ ಮನೆಯವರನ್ನು ಇಡೀ ಒಂದು ಮಳೆಗಾಲ ಎರಡು ಪಕ್ಷ ಮಾಡಿಟ್ಟಿತ್ತು.

ಆವತಿಯ ನಮ್ಮ ಮನೆ ದಪ್ಪ ಮಣ್ಣಿನ ಗೋಡೆಯ ಹೆಂಚಿನ ಮನೆ. ಜಗುಲಿ ದಾಟಿದರೆ ಪಡಸಾಲೆ, ಪಡಸಾಲೆಯ ಪಕ್ಕಕ್ಕೆ ದನದ ಕೊಟ್ಟಿಗೆ, ಒಳಗೆ ನಡುಮನೆ. ನಡುಮನೆಯ ಒಂದು ಮೂಲೆಯಲ್ಲಿ ದೇವರ ಮನೆ, ಅದರ ಎದುರು ಮೂಲೆಯಲ್ಲಿ ಬಾಣಂತಿ ಕೋಣೆ. ಈ ಕೋಣೆಗೆ ಕಿಟಕಿ ಇರಲಿಲ್ಲ, ಮೇಲೆ ಹೊಗೆ ಹೋಗಲು ಒಂದು ಗವಾಕ್ಷಿ ಅಷ್ಟೇ. ನೆಲಕ್ಕೆ ಚಪ್ಪಡಿ ಕಲ್ಲು. ಹೊರಗೆ ಜಡಿಮಳೆ ಸುರಿಯುತ್ತಿದ್ದರೂ ಒಳಗೆ ಬೆಚ್ಚಗಿರುತ್ತಿತ್ತು, ಗೋಡೆ ಮುಟ್ಟಿದರೆ ಒಣಗಿದ ಸುಣ್ಣ ಕೈಗೆ ಹತ್ತುತ್ತಿತ್ತು. ಹೆತ್ತವಳಿಗೂ ಹಸುಗೂಸಿಗೂ ತಂಡಿ ತಾಕಬಾರದು ಅಂತ ಹಿರಿಯರು ಹಾಗೆ ಕಟ್ಟಿಸಿದ್ದರು. ಅಪ್ಪನ ಸೋದರತ್ತೆಯರೆಲ್ಲ ಅಲ್ಲಿ ಬಾಣಂತನ ಮಾಡಿಸಿಕೊಂಡವರು. ಎರಡನೆಯ ಹೆರಿಗೆಗೆ ಅಜ್ಜಿಯನ್ನು ತವರಿಗೆ ಕಳಿಸದೆ ಉಳಿಸಿಕೊಂಡಿದ್ದರಿಂದ ನಮ್ಮ ಅತ್ತೆ ಹುಟ್ಟಿದ್ದೂ ಅಲ್ಲೇ. ಕೋಣೆಯ ಬೀಗದ ಕೈ ಅಜ್ಜಿಯ ಸೊಂಟದಲ್ಲಿರುತ್ತಿತ್ತು. ಶುಕ್ರವಾರ ಬೀಗ ತೆಗೆದು, ಕಸ ಗುಡಿಸಿ, ಸಾಂಬ್ರಾಣಿ ಹಾಕಿ, ಮತ್ತೆ ಬೀಗ ಹಾಕುತ್ತಿದ್ದಳು. ಒಳಗೆ ಹಗ್ಗದ ಮಂಚ ಒಂದೇ ಇತ್ತು, ಗೋಡೆಗೆ ಒರಗಿಸಿದ್ದು.

ಅಪ್ಪ ದೇವನಹಳ್ಳಿಯ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದರು. ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋದವರು ಸಂಜೆ ಬಂದು ಮಾಸಿದ ಪಂಚೆ ಸುತ್ತಿಕೊಂಡರೆಂದರೆ ಬೇರೆಯೇ ಮನುಷ್ಯ. ತಾತ ಇದ್ದಾಗ ನಮ್ಮ ತೋಟದ ಬಾವಿಗೆ ಸೀಮೆಎಣ್ಣೆಯ ಇಂಜಿನ್ನಿತ್ತಂತೆ, ಟುಕ್ ಟುಕ್ ಎಂದು ಊರಿಗೆಲ್ಲ ಕೇಳುವಂತೆ ಬಡಿದುಕೊಳ್ಳುತ್ತಿತ್ತಂತೆ. ಕರೆಂಟು ಪಂಪು ಬಂದ ಮೇಲೆ ಅದನ್ನು ಗುಜರಿಯವನಿಗೆ ಹಾಕಿದರು. ಆ ದಿನ ಗಾಡಿಯ ಹಿಂದೆ ಊರ ಹೊರಗಿನವರೆಗೆ ಅಳುತ್ತ ಓಡಿದ್ದೆ ಎಂದು ಅಪ್ಪ ಹೇಳಿಕೊಳ್ಳುತ್ತಿದ್ದರು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ಅಂಥದೇ ಇಂಜಿನ್ನು ಮಾಡಬೇಕು, ಅದು ನಿಜವಾಗಿ ಓಡಬೇಕು, ಇದು ಅವರ ಆಸೆ. ಅದಕ್ಕಾಗಿ ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಲೇತೊಂದನ್ನು ತಂದು ಕೂರಿಸಿದ್ದರು. ಲೇತಿನಲ್ಲಿ ಕಬ್ಬಿಣ ತಿರುಗುತ್ತದೆ, ಉಳಿ ನಿಂತಿರುತ್ತದೆ. ಹಾಗಾಗಿ ದುಂಡಗಿರುವುದನ್ನೆಲ್ಲ ಅದು ಮಾಡಿಕೊಡುತ್ತದೆ. ಚಪ್ಪಟೆ ಮೈ ಬೇಕು, ಉದ್ದನೆಯ ತೋಡು ಕೊರೆಯಬೇಕು ಎಂದರೆ ಕಟರ್ ತಿರುಗುವ, ಕಬ್ಬಿಣ ಮೆಲ್ಲಗೆ ಸರಿಯುವ ಮಿಲ್ಲಿಂಗ್ ಮಷೀನೇ ಬೇಕು. ಅಪ್ಪ ಅರ ಹಿಡಿದು ಉಜ್ಜಿ ಉಜ್ಜಿ ಒಂದು ಮೈ ಸಮ ಮಾಡುವಷ್ಟರಲ್ಲಿ ವಾರಗಟ್ಟಲೆ ಹಿಡಿಯುತ್ತಿತ್ತು, ಆಮೇಲೂ ಅದು ಸೊಟ್ಟ. ಇದರ ಮೇಲೆ ಗಂಜಲದ ಆವಿಗೆ ಲೇತಿನ ಮೈ ತುಕ್ಕು ಹಿಡಿಯುತ್ತಿತ್ತು. ಹೊಸದಾಗಿ ಬರುವ ಮಷೀನನ್ನಂತೂ ಕೊಟ್ಟಿಗೆಯಲ್ಲಿ ಇಡುವಂತಿರಲಿಲ್ಲ. ಒಂದು ರಾತ್ರಿ ಮುದ್ದೆ ಮುರಿಯುತ್ತ ಅಪ್ಪ ಮಾತು ತೆಗೆದರು.

“ಅವ್ವ, ಮಿಲ್ಲಿಂಗ್ ಮಷೀನು ತರ್ಬೇಕು ಅಂತಿದೀನಿ. ಬಾಣಂತಿ ಕೋಣೆ ಕೊಡ್ತೀಯಾ?”

ಅಜ್ಜಿ ಉಪ್ಸಾರಿನ ಸೌಟು ಕೆಳಗಿಟ್ಟಳು.

“ಪಂಪ್ ಮನೇಲಿ ಇಟ್ಕೋ.”

“ಅಲ್ಲಿ ಮಳೆ ಸೋರುತ್ತೆ. ಒಂದು ಮಳೆಗಾಲಕ್ಕೆ ತುಕ್ಕು ಹಿಡ್ದೋಯ್ತದೆ.”

“ಹೆರೋ ಕೋಣೇಲಿ ಕಬ್ಬಿಣ ತಂದು ಗರಗರ ಅನ್ನಿಸ್ತೀಯಾ? ಬುದ್ಧಿ ಐತಾ ನಿಂಗೆ?”

“ಬಾಣಂತಿ ದಿಂಬಿನ ಕೆಳಗೆ ಕುಡುಗೋಲು ಇಡೋಳು ನೀನೇ ಅಲ್ವಾ? ಅದೇನು ಕಟ್ಟಿಗೇದಾ?”

ಅಮ್ಮ ಅಪ್ಪನಿಗೆ ಕಣ್ಣಲ್ಲೇ ಸಾಕು ಎಂದಳು. ನಿಜವಾದ ಮಾತು ಏನೆಂದು ಮೂವರಿಗೂ ಗೊತ್ತಿತ್ತು, ನನಗೂ ಸುಮಾರಾಗಿ ಗೊತ್ತಿತ್ತು. ಅಪ್ಪನ ತಂಗಿ ರತ್ನತ್ತೆಗೆ ಮದುವೆಯಾಗಿ ಬಹಳ ವರ್ಷವಾಗಿತ್ತು. ಬಸುರಿ ಎಂದು ಸುದ್ದಿ ಬಂದಾಗಲೆಲ್ಲ ಅಜ್ಜಿ ಆ ಕೋಣೆಗೆ ಸುಣ್ಣ ಹೊಡೆಸಿ, ಮಂಚದ ಹಗ್ಗ ಬಿಗಿಸಿ, ಹಳೆಯ ಹತ್ತಿ ಸೀರೆಗಳನ್ನು ಒಗೆದು ಮಡಿಸಿ ಕಾಯುತ್ತಿದ್ದಳು. ಪ್ರತಿ ಸಲವೂ ನಾಲ್ಕು ತಿಂಗಳೋ ಐದು ತಿಂಗಳೋ ತುಂಬುವಷ್ಟರಲ್ಲಿ ಬೂದಿಗೆರೆಯಿಂದ ಇನ್ನೊಂದು ಸುದ್ದಿ ಬರುತ್ತಿತ್ತು, ಮಂಚ ಮತ್ತೆ ಗೋಡೆಗೆ ಒರಗುತ್ತಿತ್ತು. ಆಮೇಲೆ ಕೆಲವು ವರ್ಷ ಯಾವ ಸುದ್ದಿಯೂ ಇಲ್ಲ. ಮಾವ ಒಳ್ಳೆಯ ಮನುಷ್ಯ, ಇನ್ನೊಂದು ಮದುವೆಯ ಮಾತೆತ್ತಿದವರನ್ನು ಜಗುಲಿಯಿಂದಲೇ ಕಳಿಸಿದ್ದರು. ಅತ್ತೆ ನಮ್ಮೆದುರು ನಗುನಗುತ್ತಲೇ ಇರುತ್ತಿದ್ದಳು. ಆ ಕೋಣೆ ಮಷೀನಿಗೆ ಕೊಟ್ಟರೆ ಮಗಳಿಗೆ ಇನ್ನು ಮಗುವಾಗುವುದಿಲ್ಲ ಎಂದು ತವರೇ ಒಪ್ಪಿಕೊಂಡಂತೆ. ಅಜ್ಜಿಗೆ ಅದು ಸಾಧ್ಯವಿರಲಿಲ್ಲ, ಅದನ್ನು ಬಾಯಿಬಿಟ್ಟು ಹೇಳುವುದಂತೂ ಸಾಧ್ಯವೇ ಇರಲಿಲ್ಲ.

ಹಾಗಾಗಿ ಕೆಲವು ದಿನ ಕಳೆದ ಮೇಲೆ ಅಜ್ಜಿ ತಾನಾಗಿಯೇ ಬಂದು ಆಯ್ತು ಕಣಪ್ಪ ಎಂದಾಗ ಅಪ್ಪ ದಂಗಾದರು. ಷರತ್ತು ಒಂದೇ, ಬಾಗಿಲು ಒಡೆಯುವಂತಿಲ್ಲ. ಬಾಗಿಲಲ್ಲಿ ಹಿಡಿಯುವಂಥ ಮಷೀನಾದರೆ ತಂದುಕೊಳ್ಳಬಹುದು.

“ಆ ಹೊಸಿಲ ಮೇಲೆ ನಿನ್ನ ಟೇಪು ಗೀಪು ಇಡ್ಬೇಡ. ಅಳತೆ ನಾನೇ ಕೊಡ್ತೀನಿ.”

ಮಾರನೆಯ ಬೆಳಿಗ್ಗೆ ಅರಿಶಿನ ಹಚ್ಚಿದ ನೂಲಿನ ದಾರವೊಂದಕ್ಕೆ ಎರಡು ಕಡೆ ಗಂಟು ಹಾಕಿ ತಂದು ಅಪ್ಪನ ಕೈಗಿಟ್ಟಳು. ಗಂಟಿನಿಂದ ಗಂಟಿಗೆ ಬಾಗಿಲ ಅಗಲ. ಅಪ್ಪನದು ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ತುಂಡನ್ನು ಬಿಸಾಡಿ ಮೊದಲಿನಿಂದ ಶುರುಮಾಡುವ ಸ್ವಭಾವ. ಅಂಥವರು ಆ ದಾರವನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು. ತಾಯಿ ಕೊಟ್ಟ ಅಳತೆಯನ್ನು ಪರೀಕ್ಷಿಸಿ ನೋಡಬೇಕೆಂದು ಅವರಿಗೆ ಹೊಳೆಯಲೇ ಇಲ್ಲ.

ಆ ಮಳೆಗಾಲದ ಭಾನುವಾರಗಳೆಲ್ಲ ಮಷೀನು ನೋಡುವುದರಲ್ಲೇ ಕಳೆದವು. ರಜೆಯಾದ್ದರಿಂದ ನನ್ನನ್ನೂ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುತ್ತಿದ್ದರು. ಪೀಣ್ಯದ ಕಡೆ ಮುಚ್ಚಿಹೋದ ಶೆಡ್ಡುಗಳು, ದೊಡ್ಡಬಳ್ಳಾಪುರ ರಸ್ತೆಯ ಹಳೆ ಮಷೀನಿನ ಗೋದಾಮು, ಎಲ್ಲ ಕಡೆ ಗ್ರೀಸಿನ ವಾಸನೆ. ಅಪ್ಪ ಮೊದಲು ಮಷೀನಿನ ಮೇಜಿನ ಮೇಲೆ ಅಂಗೈ ಆಡಿಸುತ್ತಿದ್ದರು, ಹಿಂದಿನವರು ಅಜಾಗರೂಕತೆಯಿಂದ ತೂತು ಕೊರೆದ ಗುರುತು ಇದೆಯೇ ನೋಡಲು. ಆಮೇಲೆ ಹಿಡಿಕೆಯನ್ನು ಹಿಂದೆ ಮುಂದೆ ತಿರುಗಿಸಿ, ಮೇಜು ಸರಿಯುವ ಮುಂಚೆ ಹಿಡಿಕೆ ಎಷ್ಟು ಸಡಿಲವಾಗಿ ಸುಮ್ಮನೆ ತಿರುಗುತ್ತದೆ ಎಂದು ಗಮನಿಸುತ್ತಿದ್ದರು. ಕೊನೆಗೆ ಮಷೀನು ಶುರುಮಾಡಿಸಿ, ಮೇಜಿನ ಮೇಲೆ ರೂಪಾಯಿ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸುತ್ತಿದ್ದರು. ಒಳ್ಳೆ ಮಷೀನಾದರೆ ನಾಣ್ಯ ನಿಂತೇ ಇರುತ್ತದೆ. ಗೋದಾಮಿನಲ್ಲಿ ಹಸಿರು ಬಣ್ಣದ ಒಂದು ಮಷೀನಿತ್ತು. ಮನೆಯ ಕರೆಂಟಿಗೆ ಓಡುತ್ತಿತ್ತು, ಎತ್ತರ ನನ್ನ ಅಮ್ಮನಷ್ಟು, ಮೈಯೆಲ್ಲ ಎರಕದ ಕಬ್ಬಿಣ. ನಾಣ್ಯ ಅಲುಗಲಿಲ್ಲ. ಅಪ್ಪನ ಮುಖ ಅರಳಿತು. ಜೇಬಿನಿಂದ ದಾರ ತೆಗೆದು ಮಷೀನಿನ ಅಡಿಗೆ ಹಿಡಿದರು. ನಾಲ್ಕು ಬೆರಳು ಹೆಚ್ಚು.

ಮೇಜು ಬಿಚ್ಚಿದರೆ, ಹಿಡಿಕೆ ಬಿಚ್ಚಿದರೆ ಎಂದು ಹೇಗೆ ಹೇಗೋ ಲೆಕ್ಕ ಹಾಕಿದರು. ಅಡಿಯ ಎರಕವನ್ನು ಯಾರೂ ಬಿಚ್ಚಲಾರರು. ಗೋದಾಮಿನವರು ಪಾಪ, ಕಪಾಟಿನೊಳಗೆ ಹಿಡಿಯುವಂಥ ಚಿಕ್ಕ ಮಷೀನೊಂದನ್ನು ತೋರಿಸಿದರು. ದಾರದೊಳಗೆ ಅದು ಆರಾಮವಾಗಿ ಹಿಡಿಯಿತು. ಆದರೆ ಶುರುಮಾಡಿದ ಕೂಡಲೇ ನಾಣ್ಯ ಉರುಳಿ ನೆಲಕ್ಕೆ ಬಿತ್ತು, ನಾನೇ ಹುಡುಕಿಕೊಟ್ಟೆ. ಅಪ್ಪ ಎರಡನೆಯ ಸಲ ನಿಲ್ಲಿಸಿದರು, ಮತ್ತೆ ಬಿತ್ತು. ನಡುಗುವ ಮಷೀನಿನಲ್ಲಿ ಕೊರೆದ ಇಂಜಿನ್ನು ಒಂದು ದಿನವೂ ಓಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ ಮನೆಗೆ ಬಂದು ಅಮ್ಮನ ಹತ್ತಿರ, ಚಿಕ್ಕದನ್ನೇ ತಂದುಬಿಡ್ತೀನಿ ಬಿಡು, ನನ್ನ ಹಣೆಯಲ್ಲಿ ಇಷ್ಟೇ ಬರೆದಿರೋದು ಎಂದರು. ಅಜ್ಜಿ ಒಲೆಯ ಮುಂದೆ ಕೂತು ಕೇಳಿಸಿಕೊಂಡು ಊದುಕೊಳವೆಯಲ್ಲಿ ಜೋರಾಗಿ ಊದಿದಳು. ದಾರವನ್ನು ಅಪ್ಪ ನಡುಮನೆಯ ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದರು.

ಅಷ್ಟರಲ್ಲಿ ಗೌರಿ ಹಬ್ಬ ಬಂತು. ರತ್ನತ್ತೆ ಬಾಗಿನ ತೆಗೆದುಕೊಳ್ಳಲು ತವರಿಗೆ ಬಂದಳು. ಬಂದವಳೇ ಸೆರಗು ಸಿಕ್ಕಿಸಿ ನನ್ನ ತಲೆ ಬಾಚಿ, ಹಸುವಿಗೆ ಹುಲ್ಲು ಹಾಕಿ, ಒಬ್ಬಟ್ಟಿನ ಹೂರಣ ರುಬ್ಬಲು ಕೂತಳು. ಎಲ್ಲರೂ ಒಬ್ಬರನ್ನೊಬ್ಬರು ನೋಡದೆ ಓಡಾಡುತ್ತಿದ್ದುದು ಅವಳ ಕಣ್ಣಿಗೆ ಬೀಳದೆ ಇರುತ್ತದೆಯೇ? ಮಧ್ಯಾಹ್ನ ಊಟವಾದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು.

“ಲೇ ಪುಟ್ಟಿ, ಏನೇ ಮನೇಲಿ? ನಿಮ್ಮಪ್ಪ ಯಾಕೆ ಹಂಗೆ ಮುಖ ಊದಿಸ್ಕೊಂಡವ್ನೆ?”

ನಾನು ಇಂಜಿನ್ನು, ಮಷೀನು, ಕೋಣೆ, ದಾರ ಎಲ್ಲ ಹೇಳಿಬಿಟ್ಟೆ. ಕೋಣೆ ಎಂದಾಗ ಅವಳು ಅದರ ಬೀಗದ ಕಡೆ ಒಮ್ಮೆ ನೋಡಿದಳು. ಆಮೇಲೆ ಎದ್ದು ಹೋಗಿ ಮೊಳೆಯಿಂದ ದಾರ ತೆಗೆದಳು. ಬಾಣಂತಿ ಕೋಣೆಯ ಬಾಗಿಲಿಗೆ ಬೀಗ ಹಾಕಿತ್ತು, ಆದರೆ ಅಗಲ ನೋಡಲು ಬೀಗ ತೆಗೆಯಬೇಕಿರಲಿಲ್ಲ. ಒಂದು ಗಂಟನ್ನು ಈ ಬದಿಯ ನಿಲುವಿಗೆ ಒತ್ತಿಹಿಡಿಯಲು ನನಗೆ ಹೇಳಿ, ಇನ್ನೊಂದನ್ನು ತಾನು ಎಳೆದಳು. ದಾರ ಆ ಬದಿಯನ್ನು ಮುಟ್ಟಲಿಲ್ಲ. ಅರ್ಧ ಗೇಣಿನಷ್ಟು ಕಮ್ಮಿಯಿತ್ತು. ಅತ್ತೆ ಸುತ್ತ ನೋಡಿದಳು. ಎದುರು ಮೂಲೆಗೆ ಹೋಗಿ ದೇವರ ಮನೆಯ ಕಿರಿದಾದ ಬಾಗಿಲಿಗೆ ಹಿಡಿದಳು. ಗಂಟಿನಿಂದ ಗಂಟಿಗೆ ಸರಿಯಾಗಿ ಕೂತಿತು.

“ಅಣ್ಣ, ಬಾ ಇಲ್ಲಿ. ಇದು ಯಾವ ಬಾಗ್ಲಿಂದು ನೋಡು.”

ಅಪ್ಪ ಬಂದು ನೋಡಿದರು. ನಂಬದೆ ತಾವೇ ಹಿಡಿದು ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು.

“ಅವ್ವ, ಸುಳ್ಳು ಅಳತೆ ಕೊಟ್ಟೆಯಾ ನಂಗೆ?”

“ಸುಳ್ಳು ಯಾಕೆ? ಬಾಗಿಲ ಅಳತೇನೇ ಕೊಟ್ಟಿದೀನಿ. ಯಾವ ಬಾಗ್ಲು ಅಂತ ನೀನು ಕೇಳಿದ್ಯಾ?”

ಅಮ್ಮನಿಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಅಡ್ಡ ಹಿಡಿದಳು. ಅಪ್ಪ ನಗಲಿಲ್ಲ. ಎಷ್ಟು ಭಾನುವಾರ ಅಲೆದಿದ್ದೀನಿ ಗೊತ್ತಾ ಎಂದು ದನಿ ಏರಿಸಿದರು. ಅಜ್ಜಿಯೂ ಬಿಡಲಿಲ್ಲ. ನಿನ್ನ ಆಟದ ಸಾಮಾನಿಗೆ ನನ್ನ ಮಗಳ ಕೋಣೆ ಬೇಕಾ ಎಂದಳು. ಹೇಳಿದ ಮೇಲೆ ಆ ಮಾತು ಅಲ್ಲಿಯೇ ನಿಂತುಬಿಟ್ಟಿತು. ಎಲ್ಲರೂ ಅತ್ತೆಯನ್ನು ನೋಡಿದೆವು, ನೋಡಬಾರದಿತ್ತು ಎಂದು ನೆಲ ನೋಡಿದೆವು. ಅತ್ತೆ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮಾತಾಡಿದಳು, ದನಿ ಏರಿಸದೆ.

“ಅವ್ವ, ನಾನು ಈ ಮನೆಗೆ ಬಂದಾಗೆಲ್ಲ ಮೊದ್ಲು ಕಣ್ಣಿಗೆ ಬೀಳೋದು ಆ ಬೀಗ. ನೀನು ಶುಕ್ರವಾರ ಸಾಂಬ್ರಾಣಿ ಹಾಕಿದ್ದು ಹಬ್ಬದ ದಿನಾನೂ ಮೂಗಿಗೆ ಬಡೀತದೆ. ಆ ಕೋಣೆ ಖಾಲಿ ಇಟ್ಕೊಂಡು ನೀನು ಕಾಯ್ತಾ ಕೂತಿದ್ರೆ, ನಾನು ನಿಂಗೆ ಏನೋ ಬಾಕಿ ಇಟ್ಕೊಂಡೋಳ ಥರ ಬಂದು ಹೋಗ್ಬೇಕು. ಅತ್ತೆ ಮನೇಲಿ ಅವ್ರು ಕೇಳ್ತಾರೆ, ಸರಿ. ಇಲ್ಲೂ ಗೋಡೆ ಕೇಳ್ತದೆ. ನಂಗೆ ತವರು ಬೇಕು ಕಣವ್ವ, ಆ ಕೋಣೆ ಬೇಡ.”

ಅಜ್ಜಿ ಹಿತ್ತಲ ಕಡೆ ನಡೆದುಬಿಟ್ಟಳು. ಹಿತ್ತಲಲ್ಲಿ ಚಕ್ಕೋತದ ಮರವಿತ್ತು, ಅದರ ಬುಡದ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಅತ್ತಳು. ಅತ್ತೆ ಹೋಗಿ ಪಕ್ಕದಲ್ಲಿ ಕೂತಳು. ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಒಳಗೆ ಬಂದಾಗ ಬೀಗದ ಕೈ ಅತ್ತೆಯ ಕೈಯಲ್ಲಿತ್ತು.

ಆ ಭಾನುವಾರ ಗೋದಾಮಿಗೆ ಹೋದದ್ದು ಮೂವರು: ಅಪ್ಪ, ಅತ್ತೆ, ನಾನು. ಸ್ಕೂಟರು ಸಾಲದೆ ಬಸ್ಸಿನಲ್ಲಿ ಹೋದೆವು. ಬಾಗಿಲ ತೊಡಕು ಕಳೆದರೂ ಅಪ್ಪನಿಗೆ ಈಗ ಧೈರ್ಯ ಸಾಲುತ್ತಿರಲಿಲ್ಲ. ಅಷ್ಟೆಲ್ಲ ಜಗಳ ಮಾಡಿ ದೊಡ್ಡದು ಯಾಕೆ, ಚಿಕ್ಕದೇ ಸಾಕು, ಕೋಣೆಯಲ್ಲಿ ಮಂಚಕ್ಕೂ ಜಾಗ ಉಳಿಯುತ್ತದೆ ಎಂದು ಗೊಣಗಿದರು. ಅದು ತಾಯಿಗಾಗಿ ಹೇಳಿದ ಮಾತು. ಅತ್ತೆ ಎರಡನ್ನೂ ಶುರುಮಾಡಿಸಿದಳು. ಅಪ್ಪನ ಜೇಬಿನಿಂದ ನಾಣ್ಯ ಇಸಕೊಂಡು ತಾನೇ ನಿಲ್ಲಿಸಿದಳು. ಚಿಕ್ಕದರಲ್ಲಿ ಬಿತ್ತು. ಹಸಿರು ಮಷೀನಿನಲ್ಲಿ ನಿಂತಿತು. ಅವಳು ಅದರ ಮೈಮೇಲೆ ಅಂಗೈ ಇಟ್ಟು ಹಾಗೇ ನಿಂತಳು.

“ಇದು ಅಲುಗಾಡಲ್ಲ ಅಣ್ಣ. ಇದೇ ತಗೋ. ನಂಗೂ ಕಲಿಸ್ತೀಯಾ?”

ಅಪ್ಪ ಅವಳ ಮುಖವನ್ನೇ ನೋಡಿ, ಕಲಿಸ್ತೀನಿ ಕಣಮ್ಮ ಎಂದರು.

ಮಷೀನು ಟ್ರ್ಯಾಕ್ಟರಿನಲ್ಲಿ ಬಂತು. ಅಕ್ಕಪಕ್ಕದವರೆಲ್ಲ ಸೇರಿ ನೀಲಗಿರಿ ಗಳುಗಳನ್ನು ನೆಲಕ್ಕೆ ಹಾಸಿ ಉರುಳಿಸಿಕೊಂಡು ಪಡಸಾಲೆ ದಾಟಿಸಿದರು. ಗೌಡ್ರೆ, ಇದ್ರಲ್ಲಿ ರಾಗಿ ಬೀಸ್ತೀರಾ ಎಂದು ತಮಾಷೆ ಮಾಡಿದರು. ಕೋಣೆಯ ಬಾಗಿಲು ತೆಗೆದು ನೋಡಿದೆವು. ನೆಲ ಸಾರಿಸಿತ್ತು. ಹಗ್ಗದ ಮಂಚ ಇರಲಿಲ್ಲ. ಬೆಳಿಗ್ಗೆ ಯಾರಿಗೂ ಹೇಳದೆ ಅಜ್ಜಿ ಅಮ್ಮನ ಕೈಲಿ ಹಿಡಿಸಿಕೊಂಡು ಅದನ್ನು ಅಟ್ಟಕ್ಕೆ ಏರಿಸಿದ್ದಳು. ಮಷೀನು ಎರಡೂ ಕಡೆ ಒಂದೊಂದು ಬೆರಳು ಸಂದು ಬಿಟ್ಟು ಒಳಗೆ ಹೋಯಿತು.

ಅದಾದ ಮೇಲೆ ಅತ್ತೆ ತಿಂಗಳಿಗೊಮ್ಮೆಯಾದರೂ ಬರತೊಡಗಿದಳು, ಒಮ್ಮೊಮ್ಮೆ ಮಾವನೇ ತಂದು ಬಿಟ್ಟುಹೋಗುತ್ತಿದ್ದರು. ಕಲಿಯಲು ನಿಂತ ಮೊದಲ ದಿನವೇ ಅಪ್ಪ ತಡೆದರು. ತಿರುಗುವ ಕಟರಿಗೆ ಕೂದಲು ಸಿಕ್ಕಿದರೆ ಮುಗಿಯಿತು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟದೆ ಹತ್ತಿರ ಬರಬೇಡ ಎಂದರು. ಅತ್ತೆ ಟವಲು ಹುಡುಕುತ್ತಿದ್ದಳು. ಅಲ್ಲಿಯವರೆಗೆ ಆ ಕೋಣೆಯ ಕಡೆ ತಲೆ ಹಾಕದಿದ್ದ ಅಜ್ಜಿ ಪೆಟ್ಟಿಗೆ ತೆಗೆದ ಸದ್ದು ಕೇಳಿತು. ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಯ ತುಂಡೊಂದನ್ನು ತಂದು, ಮಗಳನ್ನು ಹೊಸಿಲ ಮೇಲೆ ಕೂರಿಸಿ, ಹಣೆಯ ಮೇಲಿಂದ ಎರಡೂ ಕಿವಿ ಮುಚ್ಚುವಂತೆ ಸುತ್ತಿ ಹಿಂದಕ್ಕೆ ಗಂಟು ಹಾಕಿದಳು. ಬಾಣಂತಿಗೆ ಕಟ್ಟುವುದು ಹಾಗೆ. ತಲೆಗೆ ಬಟ್ಟೆ ಕಟ್ಟಲು ಅಜ್ಜಿಗೆ ಬೇರೆ ರೀತಿ ಬರುತ್ತಿರಲಿಲ್ಲ. ಅತ್ತೆ ಕಣ್ಣು ಮುಚ್ಚಿ ಕಟ್ಟಿಸಿಕೊಂಡಳು. ಮುಂದೆ ಪ್ರತಿ ಸಲವೂ ಅದೇ ಬಟ್ಟೆ, ಅದೇ ಕೈ.

ಇಂಜಿನ್ನು ಮುಗಿಯಲು ಎರಡು ವರ್ಷ ಹಿಡಿಯಿತು. ಅಪ್ಪ ಲೇತಿನಲ್ಲಿ ದುಂಡಗಿನ ಭಾಗ ಮಾಡಿ ಕೊಡುತ್ತಿದ್ದರು, ಚಪ್ಪಟೆ ಮೈ, ತೋಡು, ತೂತುಗಳೆಲ್ಲ ಅತ್ತೆಯದೇ. ಕೆಟ್ಟದ್ದೂ ಬಹಳ, ಬಿಸಾಡಿದ್ದೂ ಬಹಳ. ನನಗೆ ಕಬ್ಬಿಣದ ಚೂರು ಗುಡಿಸುವ ಕೆಲಸ ಸಿಕ್ಕಿತು, ಗುಡಿಸುತ್ತ ಗುಡಿಸುತ್ತ ನಾನೂ ಹಿಡಿಕೆ ತಿರುಗಿಸಲು ಕಲಿತೆ. ಒಂದು ಮಧ್ಯಾಹ್ನ ಅತ್ತೆ ಪುಟ್ಟ ಚಕ್ರಕ್ಕೆ ನೂಲು ಸುತ್ತಿ ಎಳೆದಳು. ಮೂರು ನಾಲ್ಕು ಸಲ ಸೀನಿತು, ನಿಂತಿತು. ಮತ್ತೆ ಎಳೆದಳು. ಟುಕ್. ಟುಕ್ ಟುಕ್. ನಿಲ್ಲಲಿಲ್ಲ. ಅಪ್ಪ ಗೋಡೆಗೆ ಒರಗಿ ಮಗುವಿನಂತೆ ಅತ್ತರು. ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಸದ್ದು ಕೇಳಿ ಎದ್ದು ಬಂದಳು. ತಾತನ ಕಾಲದಲ್ಲಿ ಆ ಸದ್ದು ನಿಂತಿತೆಂದರೆ ಗಂಡ ಊಟಕ್ಕೆ ಬರುತ್ತಾನೆ ಎಂದು ಅವಳು ತಟ್ಟೆ ಹಾಕುತ್ತಿದ್ದಳಂತೆ. ಬಾಗಿಲಲ್ಲಿ ನಿಂತು ಅಂಗೈಯಗಲದ ಇಂಜಿನ್ನನ್ನು, ಅದರ ಪಕ್ಕ ಕಿವಿ ಮುಚ್ಚಿ ಬಟ್ಟೆ ಕಟ್ಟಿಕೊಂಡು ನಿಂತ ಮಗಳನ್ನು ನೋಡಿದಳು. ಅಲ್ಲಿಂದ ನೇರ ಅಡುಗೆಮನೆಗೆ ಹೋದಳು.

ಸ್ವಲ್ಪ ಹೊತ್ತಿಗೆ ಮನೆಯೆಲ್ಲ ಬೆಳ್ಳುಳ್ಳಿ ಹುರಿದ ವಾಸನೆ. ಮೆಣಸು, ಬೆಳ್ಳುಳ್ಳಿ ಕುಟ್ಟಿ ಹಾಕಿದ ಸಾರು, ಬಿಸಿ ಅನ್ನ, ಮೇಲೆ ಕೈತುಂಬ ತುಪ್ಪ. ಅಜ್ಜಿ ತಟ್ಟೆಯನ್ನು ತಂದು ಆ ಕೋಣೆಯ ಚಪ್ಪಡಿಯ ಮೇಲೆ, ಮಷೀನಿನ ಬುಡದಲ್ಲಿ ಇಟ್ಟಳು. ನಮಗೆ ಯಾರಿಗೂ ಇಲ್ಲ, ಒಂದೇ ತಟ್ಟೆ.

“ಏನವ್ವ ಇದು?”

“ಬಾಣಂತಿ ಊಟ. ಎರಡು ವರ್ಷ ಹೊತ್ತಿದೀಯ. ಆರೋಗೋಕೆ ಮುಂಚೆ ಉಣ್ಣು.”

ಅತ್ತೆ ಕೈ ತೊಳೆದಳು. ಉಗುರ ಸಂದಿನ ಕಪ್ಪು ಹೋಗಲಿಲ್ಲ. ಹಾಗೆಯೇ ಕಲ್ಲಿನ ಮೇಲೆ ಕೂತು, ಕಣ್ಣೀರು ಅನ್ನಕ್ಕೆ ಬೀಳುತ್ತಿದ್ದರೂ ಒರೆಸಿಕೊಳ್ಳದೆ, ಒಂದು ಅಗುಳೂ ಬಿಡದೆ ಉಂಡಳು. ಆಮೇಲೆ ತಟ್ಟೆ ಮುಂದೆ ಮಾಡಿ, ಇನ್ನೊಂದು ಸೌಟು ಸಾರು ಹಾಕವ್ವ ಎಂದಳು.